ಕಲ್ಲಿಗೆ ಹೊಡೆದ ಮೇಲೆ ಎಡಕ್ಕೇ ಎಳೀತಿದ್ದ ಸ್ವಿಫ್ಟು: ಅಲೈನ್‌ಮೆಂಟ್ ಚೀಟಿಯಿಂದ ಲೋಯರ್ ಆರ್ಮ್ ತನಕ

ಕಾರು ಫುಟ್‌ಪಾತ್ ಕಲ್ಲಿಗೆ ಹೊಡೀತು ಅಂದ ಕೂಡ್ಲೇ ಮನೆಯವರು ಫ್ರೆಂಡ್ಸು ಪೆಟ್ರೋಲ್ ಬಂಕ್ ಹುಡುಗ ಎಲ್ರೂ ಹೇಳಿದ್ದು ಒಂದೇ, ಅಲೈನ್‌ಮೆಂಟ್ ಮಾಡಿಸಿ ಸರಿ ಹೋಗುತ್ತೆ ಅಂತ. ಮಾಡಿಸ್ದೆ. ಸ್ಟೇರಿಂಗ್ ನೆಟ್ಟಗಾಯ್ತು, ಗಾಡಿ ಮಾತ್ರ ಎಡಕ್ಕೆ ಎಳೆಯೋದು ಬಿಡ್ಲಿಲ್ಲ. ಅಲ್ಲಿಂದ ಶುರುವಾಗಿ ಲೋಯರ್ ಆರ್ಮ್ (ಚಕ್ರದ ಕೆಳತುದಿನ ಗಾಡಿಗೆ ಹಿಡಿದಿರೋ ತೋಳು) ಬಿಚ್ಚಿ ಹೊಸದರ ಪಕ್ಕ ಇಟ್ಟು ನೋಡೋ ತನಕ ಏನೇನಾಯ್ತು ಅಂತ ಬರೀತಿದೀನಿ, ಮಾರುತಿ ಇಟ್ಟಿರೋರಿಗೆ ಉಪಯೋಗಕ್ಕೆ ಬರಬಹುದು, ಬೇರೆ ಸಣ್ಣ ಕಾರುಗಳಲ್ಲೂ ಮುಂದಿನ ಸಸ್ಪೆನ್ಶನ್ ಹೆಚ್ಚುಕಮ್ಮಿ ಇದೇ ಥರಾನೇ ಇರುತ್ತೆ.

ಗಾಡಿ 2018ರ ಸ್ವಿಫ್ಟ್ ವಿಎಕ್ಸ್‌ಐ, ಪೆಟ್ರೋಲು. ರಾತ್ರಿ ಮೈಸೂರಿಂದ ಮಂಡ್ಯಕ್ಕೆ ಬರ್ತಾ ತೂಬಿನಕೆರೆ ಹತ್ರ ಒಬ್ರನ್ನ ಇಳಿಸೋದಿತ್ತು, ಹಂಗಾಗಿ ಸರ್ವಿಸ್ ರೋಡಲ್ಲಿದ್ದೆ. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮೇನ್ ರೋಡಿಗೆ ಬೈಕು ಆಟೋ ಟ್ರ್ಯಾಕ್ಟರ್ ಬಿಡಲ್ವಲ್ಲ, ಎಲ್ಲಾ ಸರ್ವಿಸ್ ರೋಡಿಗೇ ಬಂದು ಬಿದ್ದಿವೆ, ಅದರ ಜೊತೆ ಕಬ್ಬು ಅರೆಯೋ ಸೀಸನ್ನು ಬೇರೆ. ಟೈಲ್ ಲೈಟಿಲ್ಲ ರಿಫ್ಲೆಕ್ಟರಿಲ್ಲ, ಕಬ್ಬು ತುಂಬಿದ ಟ್ರೈಲರ್ ಒಂದು ರೋಡ್ ಮಧ್ಯಕ್ಕೆ ನಿಂತಿದೆ, ಎದುರಿಗೆ ಒಬ್ಬ ಹೈಬೀಮ್ ಹಾಕ್ಕೊಂಡು ಬರ್ತಿದಾನೆ, ಜಾಗ ಇದ್ದಿದ್ದು ಎಡಗಡೆ ಮಾತ್ರ. ಬ್ರೇಕ್ ಹಿಡ್ದು ಎಡಕ್ಕೆ ತಗೊಂಡೆ, 40ರ ಆಸುಪಾಸಲ್ಲಿ ಮುಂದಿನ ಎಡಗಡೆ ಚಕ್ರ ಅಂಚಿನ ಕಲ್ಲಿಗೆ ಧಡ್ ಅಂತ ಹೊಡೀತು. ಟ್ರೈಲರಿಗೂ ನಮಗೂ ಗೇಣಷ್ಟು ಅಂತರ. ಕಬ್ಬಿನ ಸೋಗೆ ಕನ್ನಡಿ ಸವರ್ಕೊಂಡು ಹೋಯ್ತು, ಅಷ್ಟೇ.

ಇಳಿದು ಮೊಬೈಲ್ ಟಾರ್ಚ್ ಹಾಕಿ ನೋಡ್ದೆ. ವೀಲ್ ಕ್ಯಾಪ್ ಎಲ್ಲೋ ಹಾರಿಹೋಗಿದೆ, ರಿಮ್ಮಿನ ಅಂಚು ಒಂದು ಕಡೆ ಒಳಕ್ಕೆ ಮಡಚ್ಕೊಂಡಿದೆ, ಆದ್ರೆ ಗಾಳಿ ನಿಂತಿದೆ. ಇಂಥ ಟೈಮಲ್ಲಿ ಗಾಡಿ ಓಡಿಸ್ಕೊಂಡು ಹೋಗ್ಬೋದಾ ಇಲ್ಲ ಟೋ ಮಾಡಿಸ್ಬೇಕಾ ಅಂತ ನಿರ್ಧಾರ ಮಾಡೋದೇ ಕಷ್ಟ. ಕೆಳಗೆ ಎಣ್ಣೆ ಕೂಲೆಂಟ್ ಏನಾದ್ರೂ ತೊಟ್ಟಿಕ್ತಿದ್ಯಾ, ಬ್ರೇಕ್ ಪೆಡಲ್ ಗಟ್ಟಿಯಾಗೇ ಇದ್ಯಾ, ಸ್ಟೇರಿಂಗ್ ಈ ತುದಿಯಿಂದ ಆ ತುದಿ ತನಕ ತಿರುಗಿಸಿದ್ರೆ ಟೈರು ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜುತ್ತಾ, ಎಲ್ಲಾದ್ರೂ ಹಿಡಿಯುತ್ತಾ ಅಂತ ನೋಡ್ದೆ. ಎರಡು ಚಕ್ರ ಎರಡು ದಿಕ್ಕಿಗೆ ಮುಖ ಮಾಡಿದ್ರೆ ಅಲ್ಲಿಂದ ಅಲ್ಲಾಡಿಸ್ಲೇಬಾರ್ದು, ಟೋ ಮಾಡಿಸ್ಬೇಕು. ನಂದು ಆ ಮಟ್ಟಕ್ಕಿರಲಿಲ್ಲ. 30ರಲ್ಲಿ ಮೆಲ್ಲಗೆ ಮನೆ ತಲುಪಿದೆ, ದಾರಿ ಉದ್ದಕ್ಕೂ ಗಾಡಿ ನೆಟ್ಟಗೆ ಹೋಗ್ಬೇಕು ಅಂದ್ರೆ ಸ್ಟೇರಿಂಗ್ ಬಲಕ್ಕೆ ವಾಲಿಸ್ಕೊಂಡೇ ಇರ್ಬೇಕಿತ್ತು.

ಬೆಳಗ್ಗೆ ಬೆಳಕಲ್ಲಿ ನೋಡಿದ್ರೆ ಟೈರಿನ ಪಕ್ಕದ ಗೋಡೇಲಿ ಹೆಬ್ಬೆರಳು ಗಾತ್ರದ ಉಬ್ಬು. ರಿಮ್ಮಿಗೂ ಕಲ್ಲಿಗೂ ಮಧ್ಯೆ ಸಿಕ್ಕಿ ಒಳಗಿನ ದಾರ ಹರಿದಿದೆ ಅಂತ ಅರ್ಥ, ರಬ್ಬರ್ ಒಂದೇ ಗಾಳಿ ತಡ್ಕೊಂಡಿದೆ. ಇದಕ್ಕೆ ಪ್ಯಾಚ್ ಗೀಚ್ ಏನೂ ಇಲ್ಲ, ಟೈರ್ ಎಸೀಬೇಕು, ಸ್ಪೀಡಲ್ಲಿ ಒಡೆದ್ರೆ ಕಥೆ ಮುಗೀತು. ವಿಎಕ್ಸ್‌ಐಲಿ ಸ್ಟೆಪ್ನಿನೂ ಅದೇ ಸೈಜು, 165/80 ಆರ್14, ಹಂಗಾಗಿ ಸ್ಟೆಪ್ನಿ ಹಾಕ್ಕೊಂಡು ಟೈರ್ ಅಂಗಡಿಗೆ ಹೋದೆ.

ಅಂಗಡಿ ಹೆಸರು ಬೇಡ, ಮಂಡ್ಯದಲ್ಲೇ ಇರೋದು. ಗಾಡಿ ಏರಿಸಿ ಚಕ್ರಕ್ಕೆ ಕ್ಲ್ಯಾಂಪ್ ಹಾಕಿ ಸ್ಕ್ರೀನ್ ತೋರಿಸಿದ್ರು, ಎಡಗಡೆ ಪೂರ್ತಿ ಕೆಂಪು. ಹುಡುಗ ಟೈ ರಾಡ್ (ಸ್ಟೇರಿಂಗ್ ಕಡೆಯಿಂದ ಚಕ್ರಕ್ಕೆ ಹೋಗೋ ಕಡ್ಡಿ) ಲಾಕ್ ನಟ್ ಸಡಿಲ ಮಾಡಿ ತಿರುಗಿಸಿ ಟೋ (ಮೇಲಿಂದ ನೋಡಿದ್ರೆ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರೋದು) ಹಸಿರಿಗೆ ತಂದ, ಸ್ಟೇರಿಂಗ್ ನೆಟ್ಟಗೆ ಕೂತ್ಕೊಂತು. ಕ್ಯಾಂಬರ್ (ಮುಂದಿನಿಂದ ನೋಡಿದ್ರೆ ಚಕ್ರ ವಾಲಿರೋದು, ತಲೆ ಹೊರಕ್ಕೆ ವಾಲಿದ್ರೆ ಪ್ಲಸ್ಸು) ಇನ್ನೂ ಕೆಂಪಲ್ಲೇ ಇದೆಯಲ್ಲಪ್ಪಾ ಅಂದ್ರೆ, ಸಾರ್ ಮಾರುತಿಗೆ ಕ್ಯಾಂಬರ್ ಸೆಟಿಂಗ್ ಬರಲ್ಲ, ಅದು ಹಂಗೇ ಇರುತ್ತೆ, ಏನೂ ಆಗಲ್ಲ ಹೋಗಿ ಅಂದ. ಮೊದಲರ್ಧ ನಿಜ, ಈ ಗಾಡೀಲಿ ಮುಂದಿನ ಕ್ಯಾಂಬರಿಗೆ ಅಡ್ಜಸ್ಟ್‌ಮೆಂಟ್ ಇಲ್ಲ, ಕ್ಯಾಸ್ಟರಿಗೂ (ಅದೇನು ಅಂತ ಮುಂದೆ ಹೇಳ್ತೀನಿ) ಇಲ್ಲ, ತಿರುಗಿಸೋಕೆ ಬರೋದು ಟೋ ಒಂದೇ. ಆದ್ರೆ ಸ್ವಲ್ಪ ಯೋಚನೆ ಮಾಡಿ, ಯಾರೂ ತಿರುಗಿಸೋಕಾಗದೇ ಇರೋದು ಅದಾಗದೇ ಹೆಂಗೆ ಬದಲಾಗುತ್ತೆ? ಏನೋ ಒಂದು ಬಗ್ಗಿದ್ರೆ ಮಾತ್ರ. ಎಡಗಡೆ ಪ್ಲಸ್ 40 ನಿಮಿಷ (60 ನಿಮಿಷ ಅಂದ್ರೆ ಒಂದು ಡಿಗ್ರಿ), ಬಲಗಡೆ ಮೈನಸ್ 15 ನಿಮಿಷ, ಅಂದ್ರೆ ಎರಡಕ್ಕೂ ಹತ್ತಿರ ಹತ್ತಿರ ಒಂದು ಡಿಗ್ರಿ ವ್ಯತ್ಯಾಸ. ಅರ್ಧ ಡಿಗ್ರಿ ದಾಟಿದ್ರೇನೇ ಗಾಡಿ ಎಳೆಯೋಕೆ ಶುರು ಮಾಡುತ್ತೆ, ಯಾವ ಕಡೆ ಕ್ಯಾಂಬರ್ ಪ್ಲಸ್ಸಿಗೆ ಹೆಚ್ಚಿದ್ಯೋ ಆ ಕಡೆಗೇ ಎಳೆಯುತ್ತೆ. ಚೀಟೀಲೇ ಕಾಯಿಲೆ ಪ್ರಿಂಟಾಗಿತ್ತು, ಓದೋರಿಲ್ಲ ಅಷ್ಟೇ.

ನಮ್ಮ ರೋಡುಗಳು ನೀರು ಹರಿಯೋಕೆ ಅಂತ ಎಡಕ್ಕೆ ಒಂಚೂರು ಇಳಿಜಾರು ಇರ್ತವೆ, ಹಂಗಾಗಿ ಸ್ಟೇರಿಂಗ್ ಬಿಟ್ರೆ ಯಾವ ಗಾಡಿನೂ ನಿಧಾನಕ್ಕೆ ಎಡಕ್ಕೆ ಜಾರುತ್ತೆ, ಅದು ತೊಂದರೆ ಅಲ್ಲ. ಅದನ್ನ ಬೇರೆ ಮಾಡಿ ನೋಡೋಕೆ ಭಾನುವಾರ ತೂಬಿನಕೆರೆ ಇಂಡಸ್ಟ್ರಿಯಲ್ ಏರಿಯಾಗೆ ಹೋದೆ, ಫ್ಯಾಕ್ಟರಿ ರಜೆ, ರೋಡು ಖಾಲಿ. ಎಡಗಡೆ ಓಡಿಸ್ದೆ, ಎಡಕ್ಕೆ ಎಳೀತು. ಅದೇ ರೋಡಿನ ಬಲ ಅಂಚಲ್ಲಿ ಓಡಿಸ್ದೆ, ಅಲ್ಲಿ ಇಳಿಜಾರು ಬಲಕ್ಕಿದೆ, ಆಗ್ಲೂ ಎಡಕ್ಕೇ ಎಳೀತು. ರೋಡಿನ ತಪ್ಪಲ್ಲ ಅಂತ ಖಾತ್ರಿ ಆಯ್ತು.

ಆಮೇಲೆ ಒಂದು ದೊಡ್ಡ ಸರ್ವಿಸ್ ಸೆಂಟರಿಗೂ ತೋರಿಸ್ದೆ. ಅಡ್ವೈಸರ್ ಗಾಡಿ ಕೆಳಗೆ ಬಗ್ಗಿ ನೋಡಿದ ಹಂಗೂ ಕಾಣ್ಲಿಲ್ಲ, ಕಂಪ್ಯೂಟರ್ ಮುಂದೆ ಕೂತು ಸ್ಟೇರಿಂಗ್ ರ‍್ಯಾಕ್ ಅಸೆಂಬ್ಲಿ (ಸ್ಟೇರಿಂಗ್ ತಿರುವನ್ನ ಟೈ ರಾಡಿಗೆ ತಲುಪಿಸೋ ಭಾಗ), ಎಡಗಡೆ ಸ್ಟ್ರಟ್ಟು (ಸ್ಪ್ರಿಂಗ್ ಜೊತೆಗಿರೋ ಶಾಕ್ ಅಬ್ಸಾರ್ಬರು), ಎರಡೂ ಲೋಯರ್ ಆರ್ಮು, ಟೈ ರಾಡುಗಳು ಅಂತ ಪಟ್ಟಿ ಮಾಡಿ ನಲವತ್ತು ಸಾವಿರ ದಾಟಿಸಿದ್ರು, ಇನ್ಶೂರೆನ್ಸಿಗೆ ಹಾಕೋಣ ಬಿಡಿ ಸಾರ್ ಅಂದ್ರು. ಈ ಇನ್ಶೂರೆನ್ಸ್ ಲೆಕ್ಕ ಒಂದ್ಸಲ ಕೂತು ಹಾಕಿ ನೋಡ್ಬೇಕು. ಸಣ್ಣ ಕಾರಿಗೆ ಅಂದ್ರೆ 1500 ಸಿಸಿ ಒಳಗಿನದಕ್ಕೆ ಕ್ಲೇಮಿನಲ್ಲಿ 1,000 ರೂ. ಕಡ್ಡಾಯವಾಗಿ ನಮ್ಮ ಕೈಯಿಂದ. ಝೀರೋ ಡೆಪ್ (ಪಾರ್ಟು ಹಳೇದು ಅಂತ ದುಡ್ಡು ಕಡಿತ ಮಾಡದ ಪಾಲಿಸಿ) ಇಲ್ಲದಿದ್ರೆ ಟೈರು ರಬ್ಬರು ಪ್ಲಾಸ್ಟಿಕ್ಕಿಗೆ ಅರ್ಧ ದುಡ್ಡು ನಮ್ಮದು, ಐದು ವರ್ಷ ದಾಟಿದ ಗಾಡಿಗೆ ಕಬ್ಬಿಣದ ಪಾರ್ಟಿಗೆ ನೂರಕ್ಕೆ 40 ಕಡಿತ. ಎಲ್ಲಕ್ಕಿಂತ ಹೆಚ್ಚಾಗಿ ನೋ ಕ್ಲೇಮ್ ಬೋನಸ್, ಅಂದ್ರೆ ಕ್ಲೇಮ್ ಮಾಡದೇ ಇದ್ದಿದ್ದಕ್ಕೆ ಪ್ರೀಮಿಯಮ್ಮಲ್ಲಿ ಸಿಗೋ ನೂರಕ್ಕಿಷ್ಟು ರಿಯಾಯ್ತಿ, ಸೊನ್ನೆಗೆ ಬರುತ್ತೆ. ಅದು 20, 25, 35, 45, 50 ಅಂತ ವರ್ಷ ವರ್ಷ ಏರ್ಕೊಂಡು ಹೋಗೋದು, ನಂದು 35ರಲ್ಲಿತ್ತು, ಮತ್ತೆ ಅಲ್ಲಿಗೆ ಏರೋಕೆ ಮೂರು ವರ್ಷ ಬೇಕು. ಬೋನಸ್ಸು ಓನ್ ಡ್ಯಾಮೇಜ್ (ನಮ್ಮ ಗಾಡಿಗಾಗೋ ಹಾನಿ) ಪ್ರೀಮಿಯಮ್ಮಿಗೆ ಮಾತ್ರ, ಥರ್ಡ್ ಪಾರ್ಟಿಗಲ್ಲ, ಆದ್ರೂ ರಿಪೇರಿ ಹತ್ತು ಸಾವಿರದೊಳಗೆ ಮುಗಿಯೋದಾದ್ರೆ ಕ್ಲೇಮ್ ಮಾಡೋದು ದಂಡ. ಮುಗಿಯುತ್ತಾ ಅಂತ ಗೊತ್ತಾಗ್ಬೇಕಾದ್ರೆ ಏನು ಬಗ್ಗಿದೆ ಅಂತ ಗೊತ್ತಾಗ್ಬೇಕು, ಅದನ್ನೇ ಯಾರೂ ಹೇಳ್ತಿಲ್ಲ.

ಗುತ್ತಲು ರೋಡ್ ಕಡೆ ಒಬ್ರು ಹಳೇ ಮೇಸ್ತ್ರಿ ಇದಾರೆ, ಶೆಡ್ಡು ಚಿಕ್ಕದು, ಬೋರ್ಡೂ ಇಲ್ಲ. ಹೋಗಿ ಕಥೆ ಶುರು ಮಾಡಿದ್ರೆ ಕೈ ಅಡ್ಡ ಹಿಡಿದು, "ಚೀಟಿ ಐತಾ ಸಾ? ಅಲೈನ್‌ಮೆಂಟ್ ಚೀಟಿ, ತತ್ತನ್ನಿ ಇಲ್ಲಿ" ಅಂದ್ರು. ಕೊಟ್ಟೆ. ಎಲ್ರೂ ಕೊನೇ ಕಾಲಮ್ ನೋಡಿದ್ರೆ ಇವ್ರು ಮೊದಲನೇ ಕಾಲಮ್ ನೋಡಿದ್ರು, ಸೆಟಿಂಗ್ ಮಾಡೋಕೆ ಮುಂಚೆ ಹೆಂಗಿತ್ತು ಅನ್ನೋದನ್ನ. "ಟೋ ಈಚ್ಗೋಗಿತ್ತು, ಕ್ಯಾಂಬರ್ ಪ್ಲಸ್ಸಾಗೈತೆ. ಕೆಳ್ಗಡೆ ಒಳಕ್ಕೋಗೈತೆ ಕಣ್ ಸಾ. ಕ್ಯಾಸ್ಟರ್ ನೋಡೇ ಇಲ್ವಲ್ಲ ಇವ್ರು, ಆ ಜಾಗ ಖಾಲಿ ಮಡ್ಗವ್ರೆ." ನನಗೆ ಆಗ ಇದು ತಲೆಗೆ ಹೋಗ್ಲಿಲ್ಲ, ಆಮೇಲೆ ಹೋಯ್ತು.

ಆದ್ರೆ ತಕ್ಷಣ ಆರ್ಮ್ ಬಿಚ್ಚೋಕೆ ಕೂರ್ಲಿಲ್ಲ, ಅದು ನನಗೆ ಹಿಡಿಸ್ತು. ಮೊದಲು ಮುಂದಿನ ಎರಡು ಚಕ್ರ ಆ ಕಡೆದು ಈ ಕಡೆಗೆ ಈ ಕಡೆದು ಆ ಕಡೆಗೆ ಹಾಕಿಸಿದ್ರು. ಟೈರಲ್ಲೇ ದೋಷ ಇದ್ರೆ ಎಳೆತ ಬಲಕ್ಕೆ ತಿರುಗ್ಬೇಕು. ತಿರುಗ್ಲಿಲ್ಲ. (ಬಾಣದ ಗುರುತು ಇರೋ, ಒಂದೇ ದಿಕ್ಕಿಗೆ ತಿರುಗೋ ಟೈರಾದ್ರೆ ಹಿಂಗೆ ಅದಲುಬದಲು ಮಾಡೋ ಹಂಗಿಲ್ಲ.) ಆಮೇಲೆ ಜಾಕ್ ಎತ್ತಿ ಚಕ್ರ ಕೈಯಲ್ಲಿ ತಿರುಗಿಸಿದ್ರು, ಸಲೀಸಾಗಿ ತಿರುಗ್ತು, ಬ್ರೇಕ್ ಹಿಡ್ಕೊಂಡಿಲ್ಲ. ಚಕ್ರದ ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದ್ರು, ಅಲ್ಲಿ ಆಟ ಇದ್ರೆ ಬಾಲ್ ಜಾಯಿಂಟೋ (ಲೋಯರ್ ಆರ್ಮ್ ತುದಿಯ ಗುಂಡು ಕೀಲು) ಬೇರಿಂಗೋ. ಎಡಕ್ಕೂ ಬಲಕ್ಕೂ ಹಿಡಿದು ಅಲ್ಲಾಡಿಸಿದ್ರು, ಅಲ್ಲಿ ಆಟ ಇದ್ರೆ ಟೈ ರಾಡ್ ಎಂಡು ಇಲ್ಲ ರ‍್ಯಾಕ್ ಎಂಡು. ಎರಡರಲ್ಲೂ ಇಲ್ಲ. ಆಟ ಇಲ್ಲ ಅಂದ್ರೆ ಸರಿ ಇದೆ ಅಂತಲ್ಲ ಅನ್ನೋದು ಇಲ್ಲಿನ ವಿಷಯ, ಸವೆದಿದ್ರೆ ಆಡುತ್ತೆ, ಬಗ್ಗಿದ್ರೆ ಆಡಲ್ಲ, ಗಟ್ಟಿಯಾಗೇ ಸೊಟ್ಟಗಿರುತ್ತೆ. ಸರ್ವಿಸ್ ಸೆಂಟರಿನವರು ಹೇಳಿದ ರ‍್ಯಾಕ್ ಬಗ್ಗೆ ಕೇಳ್ದೆ. ಎರಡೂ ಚಕ್ರ ಗಾಳಿಗೆತ್ತಿ, ಇಂಜಿನ್ ಆಫ್ ಮಾಡಿ, ಸ್ಟೇರಿಂಗ್ ಬೆರಳಲ್ಲಿ ಈ ತುದಿಯಿಂದ ಆ ತುದಿ ತನಕ ತಿರುಗಿಸಿದ್ರು, ಎಲ್ಲೂ ಬಿಗಿ ಆಗ್ಲಿಲ್ಲ. ರ‍್ಯಾಕ್ ಬಗ್ಗಿದ್ರೆ ಒಂದು ಜಾಗದಲ್ಲಿ ಹಿಡ್ಕೊಂಡು ಬಿಡುತ್ತಂತೆ. "ರ‍್ಯಾಕ್ ಚೆಂದಾಗೈತೆ, ಅದ್ನ ಮುಟ್ಟಬ್ಯಾಡಿ."

ಟೈ ರಾಡಿನ ಮರೆ (ನಟ್ಟು ಕೂರೋ ತಿರುಪಿನ ಸುತ್ತು) ತೋರಿಸಿದ್ರು ನೋಡಿ, ಅದು ಕಣ್ಣಿಗೆ ಕಾಣೋ ಸಾಕ್ಷಿ. ಬಲಗಡೆ ಲಾಕ್ ನಟ್ಟಿನ ಪಕ್ಕ ಕಾಣೋ ಮರೆಗಿಂತ ಎಡಗಡೆ ಕಾಣೋ ಮರೆ ಜಾಸ್ತಿ ಉದ್ದ ಇತ್ತು. ಅಂದ್ರೆ ಎಡಗಡೆ ರಾಡು ಬಗ್ಗಿ ಗಿಡ್ಡ ಆಗಿದೆ, ಅಂಗಡಿ ಹುಡುಗ ಅದನ್ನ ಬಿಚ್ಚಿ ಬಿಚ್ಚಿ ಉದ್ದ ಮಾಡಿ ಟೋ ಹಸಿರಿಗೆ ತಂದಿದಾನೆ. ಈ ಗಾಡೀಲಿ ಟೈ ರಾಡು ಚಕ್ರದ ಹಿಂದುಗಡೆ ಹಿಡ್ಕೊಳ್ಳುತ್ತೆ, ಅದು ಗಿಡ್ಡ ಆದ್ರೆ ಚಕ್ರದ ಹಿಂಭಾಗ ಒಳಕ್ಕೆ, ಮುಂಭಾಗ ಈಚೆಗೆ, ಮೊದಲ ದಿನ ಸ್ಟೇರಿಂಗ್ ಬಲಕ್ಕೆ ವಾಲಿದ್ದು ಅದಕ್ಕೇ. ಮರೆ ತಿರುಗಿಸಿ ಬಗ್ಗಿದ್ದನ್ನ ಮುಚ್ಚಿಟ್ಟಿದ್ರು ಅಷ್ಟೇ. ಇನ್ನು ಕೆಲವು ಅಂಗಡೀಲಂತೂ ಸ್ಟೇರಿಂಗ್ ಚಕ್ರಾನೇ ಬಿಚ್ಚಿ ಒಂದು ಹಲ್ಲು ತಿರುಗಿಸಿ ನೆಟ್ಟಗೆ ಕೂರಿಸಿ ಕಳಿಸ್ತಾರಂತೆ, ಅದು ಇದಕ್ಕಿಂತ ಕೆಟ್ಟದ್ದು, ಹಂಗೆ ಮಾಡಿದ್ರೆ ಒಳಗಿನ ಸೊಟ್ಟ ಹಂಗೇ ಉಳಿಯುತ್ತೆ.

ಆಮೇಲೆ ಮಾಡಿದ್ದು ನನಗೆ ತುಂಬಾ ಇಷ್ಟ ಆಯ್ತು. ಪಕ್ಕದಲ್ಲಿ ಮನೆ ಕಟ್ತಿದ್ರು, ಅಲ್ಲಿ ಗಾರೆ ಕೆಲಸದವರ ಹತ್ರ ತೂಗುಗುಂಡು ಇಸ್ಕೊಂಡು ಬಂದ್ರು. ಗಾಡಿ ಸಮನಾದ ನೆಲದ ಮೇಲೆ ನಿಲ್ಸಿ, ಸ್ಟೇರಿಂಗ್ ನೆಟ್ಟಗಿಟ್ಟು, ಮುಂದಿನ ಚಕ್ರದ ಹಬ್ಬಿನ ನಡುಮಧ್ಯದಿಂದ ದಾರ ಇಳಿಬಿಟ್ರು. ಗುಂಡು ಆಡ್ತಾ ಆಡ್ತಾ ನಿಂತ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು. ಹಿಂದಿನ ಚಕ್ರಕ್ಕೂ ಹಂಗೇ. ಎರಡು ಗುರುತಿನ ನಡುವೆ ಟೇಪ್ ಹಿಡಿದ್ರು, ನಾನು ಆ ತುದಿ ಹಿಡ್ಕೊಂಡೆ. ಈ ಮಾಡೆಲ್ ಸ್ವಿಫ್ಟಿನ ವೀಲ್‌ಬೇಸ್ 2450 ಎಂಎಂ. ಬಲಗಡೆ ಅಷ್ಟೇ ಬಂತು. ಎಡಗಡೆ 12 ಎಂಎಂ ಕಮ್ಮಿ. ಮತ್ತೆ ಒಂದ್ಸಲ ಹಿಡಿದ್ರು, ಅಷ್ಟೇ. ಲಕ್ಷಗಟ್ಟಲೆ ಮಿಷನ್ ಇಟ್ಕೊಂಡು ಹೇಳ್ದೇ ಇದ್ದಿದ್ದನ್ನ ದಾರಕ್ಕೆ ಕಟ್ಟಿದ ಕಬ್ಬಿಣದ ಗುಂಡು ಹೇಳ್ತು: ಎಡಗಡೆ ಚಕ್ರ ಹಿಂದಕ್ಕೆ ಹೋಗಿದೆ.

ಚಕ್ರ ಹಿಂದಕ್ಕೆ ಹೋದ್ರೆ ಕ್ಯಾಸ್ಟರ್ ಕಮ್ಮಿ ಆಗುತ್ತೆ. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುತ್ತಲ್ಲ, ಕೈ ಬಿಟ್ರೂ ಸೈಕಲ್ ನೆಟ್ಟಗೆ ಹೋಗೋಕೆ ಆ ಓರೆನೂ ಒಂದು ಕಾರಣ, ಕ್ಯಾಸ್ಟರ್ ಅಂದ್ರೆ ಅದೇ ಓರೆ. ಕಾರಿನಲ್ಲಿ ಎರಡು ಕಡೆನೂ ಅದು ಸಮ ಇರ್ಬೇಕು, ಯಾವ ಕಡೆ ಕಮ್ಮಿ ಇದ್ಯೋ ಗಾಡಿ ಆ ಕಡೆಗೆ ಹೋಗುತ್ತೆ. ಈಗ ನೋಡಿ, ಎಡಗಡೆ ಕ್ಯಾಂಬರ್ ಪ್ಲಸ್ಸಿಗೆ ಹೋಗಿದೆ, ಎಡಕ್ಕೆ ಎಳೆಯುತ್ತೆ. ಎಡಗಡೆ ಕ್ಯಾಸ್ಟರ್ ಕಮ್ಮಿ ಆಗಿದೆ, ಅದೂ ಎಡಕ್ಕೇ ಎಳೆಯುತ್ತೆ. ಟೋ ಎಷ್ಟು ತಿರುಗಿಸಿದ್ರೂ ಇವೆರಡೂ ಹೋಗಲ್ಲ. ಚಕ್ರದ ಕೆಳತುದಿ ಒಳಕ್ಕೂ ಹೋಗ್ಬೇಕು ಹಿಂದಕ್ಕೂ ಹೋಗ್ಬೇಕು ಅಂದ್ರೆ ಮೊದಲು ಅನುಮಾನ ಪಡ್ಬೇಕಾದ್ದು ಅದನ್ನ ಹಿಡ್ಕೊಂಡಿರೋ ಲೋಯರ್ ಆರ್ಮ್ ಮೇಲೆ.

ಸ್ಟ್ರಟ್ ಬಗ್ಗಿದ್ಯಾ ಅಂತ ನೋಡೋಕೂ ಒಂದು ಉಪಾಯ ಇದೆ. ಮೇಲಿನ ನಟ್ಟು ಸಡಿಲ ಮಾಡಿ ರಾಡನ್ನ ಸ್ಪ್ಯಾನರಲ್ಲಿ ನಿಧಾನಕ್ಕೆ ಒಂದು ಸುತ್ತು ತಿರುಗಿಸ್ಬೇಕು, ರಾಡ್ ಬಗ್ಗಿದ್ರೆ ಚಕ್ರದ ತಲೆ ಒಳಕ್ಕೆ ಹೊರಕ್ಕೆ ತೂಗಾಡುತ್ತೆ. ನಂದು ತೂಗಾಡ್ಲಿಲ್ಲ. ಕೆಳಗಿನ ಸಸ್ಪೆನ್ಶನ್ ಫ್ರೇಮ್ ಜರುಗಿದ್ರೆ ಬೋಲ್ಟ್ ತಲೆ ಸುತ್ತ ಹಳೇ ಕೂತ ಗುರುತು ಪಕ್ಕಕ್ಕೆ ಹೊಳೀತಾ ಕಾಣುತ್ತೆ, ಅದೂ ಇರಲಿಲ್ಲ.

ಆರ್ಮ್ ಮತ್ತೆ ಟೈ ರಾಡ್ ಸೆಟ್ಟು ಮೈಸೂರಿಂದ ತಂದೆ, ಜೆನ್ಯೂನೇ ತನ್ನಿ ಅಂತ ಮೇಸ್ತ್ರಿ ತಾಕೀತು ಮಾಡಿದ್ರು, ಲೋಕಲ್ ಆರ್ಮಲ್ಲಿ ಬುಷ್ (ಕೀಲಲ್ಲಿರೋ ರಬ್ಬರ್ ತುಂಡು) ಬೇಗ ಹರಿಯುತ್ತೆ ಅಂತ ಅವರ ದೂರು. ಬಿಚ್ಚೋದು ನೋಡ್ತಾ ಕೂತಿದ್ದೆ. ಬಾಲ್ ಜಾಯಿಂಟ್ ಬೋಲ್ಟು ಬಂತು, ಮುಂದಿನ ಬುಷ್ ಬೋಲ್ಟೂ ಬಂತು, ಹಿಂದಿನದು ತುಕ್ಕು ಹಿಡಿದು ಕೂತುಬಿಟ್ಟಿತ್ತು, ಎಣ್ಣೆ ಹಾಕಿ, ಪೈಪ್ ಸಿಕ್ಕಿಸಿ, ಟೀ ಕುಡಿದು ಬಂದು, ಮತ್ತೆ ಪೈಪ್ ಸಿಕ್ಕಿಸಿ ಎಳೆದ ಮೇಲೆ ಕಿರ್ ಅಂತ ಬಿಟ್ಕೊಂತು. ಹಳೇದನ್ನ ಹೊಸದರ ಮೇಲಿಟ್ಟು ಬುಷ್ ತೂತು ಎರಡೂ ಒಂದರ ಮೇಲೊಂದು ಬರೋ ಹಂಗೆ ಕೂರಿಸಿದ್ರು. ಆಗ ಬಾಲ್ ಜಾಯಿಂಟ್ ತುದಿ ನೋಡಿದ್ರೆ ಎರಡೂ ಒಂದೇ ಜಾಗಕ್ಕೆ ಬರ್ತಿಲ್ಲ, ಹಳೇದು ಬೆರಳಗಲ ಹಿಂದಕ್ಕೂ ಒಳಕ್ಕೂ. ತಗಡಿನ ಅಂಚಲ್ಲಿ, ಹಿಂದಿನ ಬುಷ್ಷಿಗೆ ಹೋಗೋ ತಿರುವಲ್ಲಿ ಒಂದು ನಿರಿಗೆ, ಅಲ್ಲಿ ಪೇಂಟು ಎದ್ದು ಕೂದಲೆಳೆಯಷ್ಟು ತುಕ್ಕು. ಗಾಡಿ ಕೆಳಗೆ ಇದ್ದಾಗ ಮಣ್ಣು ಮೆತ್ಕೊಂಡು ಯಾರಿಗೂ ಕಾಣೋ ಹಂಗಿರಲಿಲ್ಲ. ಹಿಂದಿನ ಬುಷ್ಷಿನ ರಬ್ಬರೂ ಅರ್ಧ ಹರಿದಿತ್ತು. ರ‍್ಯಾಕ್ ಎಂಡ್ (ಟೈ ರಾಡಿನ ಒಳಗಡೆ ತುಂಡು) ಬಿಚ್ಚಿ ಗಾಜಿನ ಮೇಲೆ ಉರುಳಿಸಿದ್ರು, ಕುಂಟ್ಕೊಂಡು ಉರುಳ್ತು.

ಇದನ್ನ ಬೆಂಚಲ್ಲಿ ಹೊಡೆದು ನೆಟ್ಟಗೆ ಮಾಡ್ಬೋದಲ್ವಾ ಅಂತ ಪಕ್ಕದಲ್ಲಿ ನಿಂತಿದ್ದ ಇನ್ನೊಬ್ಬ ಗಿರಾಕಿ ಕೇಳ್ದ, ಮೇಸ್ತ್ರಿ ಅವನ ಮುಖ ನೋಡಿದ್ರು, "ಮಾಡ್ಬೋದು, ನೀನ್ ಕೂತ್ಕಂಡು ಓಡಸ್ತೀಯಾ?" ಒಂದ್ಸಲ ಬಗ್ಗಿದ ಸ್ಟೇರಿಂಗ್ ಭಾಗ ನೆಟ್ಟಗೆ ಮಾಡಿದ್ರೆ ಅದೇ ಜಾಗದಲ್ಲಿ ಬಿರುಕು ಬಿಡೋ ಸಾಧ್ಯತೆ ಜಾಸ್ತಿ, ಓಡ್ತಾ ಇರೋವಾಗ ಮುರಿದ್ರೆ ಚಕ್ರ ತನಗೆ ಬೇಕಾದ ಕಡೆ ತಿರುಗುತ್ತೆ.

ಹೊಸ ಆರ್ಮ್ ಹಾಕುವಾಗ ಒಂದು ವಿಷಯ, ಮನೇಲಿ ತಾವೇ ಮಾಡೋರು ಇದನ್ನ ಗಮನಿಸಿ. ಬುಷ್ ಬೋಲ್ಟನ್ನ ಗಾಡಿ ಜಾಕ್ ಮೇಲಿದ್ದಾಗ ಪೂರ್ತಿ ಬಿಗಿ ಮಾಡ್ಬಾರ್ದು. ಚಕ್ರ ಕೆಳಕ್ಕೆ ಜೋತಾಡ್ತಿರೋವಾಗ ಬಿಗಿ ಮಾಡಿದ್ರೆ ಗಾಡಿ ಇಳಿಸಿದ ತಕ್ಷಣ ರಬ್ಬರ್ ತಿರುಚ್ಕೊಂಡೇ ಕೂರುತ್ತೆ, ಬೇಗ ಹರಿಯುತ್ತೆ. ಇವ್ರು ಕೈಬಿಗಿ ಮಾಡಿ, ಮುಂದಿನ ಚಕ್ರಗಳನ್ನ ಹಲಗೆ ಮೇಲೆ ಹತ್ತಿಸಿ, ಭಾರ ಬಿದ್ದ ಮೇಲೆ ಕೆಳಗೆ ನುಗ್ಗಿ ಬಿಗಿ ಮಾಡಿದ್ರು.

ಅಲೈನ್‌ಮೆಂಟು ಈ ಸಲ ಮೈಸೂರಲ್ಲಿ, ಬನ್ನಿಮಂಟಪದ ಕಡೆ ಮಾಡಿಸ್ದೆ. ಹೋಗ್ತಿದ್ದ ಹಂಗೇ ಕ್ಯಾಸ್ಟರ್ ನೋಡ್ತೀರಾ ಅಂತ ಕೇಳ್ದೆ, ನೋಡ್ತೀವಿ ಅಂದ್ರೇನೇ ಗಾಡಿ ಏರಿಸ್ದೆ. ಕ್ಯಾಸ್ಟರ್ ನೋಡ್ಬೇಕು ಅಂದ್ರೆ ಮುಂದಿನ ಚಕ್ರಗಳು ತಿರುಗೋ ಪ್ಲೇಟ್ ಮೇಲಿರ್ಬೇಕು, ಸ್ಟೇರಿಂಗನ್ನ ಎಡಕ್ಕೂ ಬಲಕ್ಕೂ ಇಂತಿಷ್ಟು ಡಿಗ್ರಿ ತಿರುಗಿಸಿ ಅಳೀಬೇಕು, ಟೈಮ್ ಹಿಡಿಯುತ್ತೆ ಅಂತ ತುಂಬಾ ಅಂಗಡೀಲಿ ಅದನ್ನ ಹಾರಿಸಿಬಿಡ್ತಾರೆ. ಈಗ ಕ್ಯಾಂಬರ್ ಎಡ ಮೈನಸ್ 10, ಬಲ ಮೈನಸ್ 15 ನಿಮಿಷ, ಕ್ಯಾಸ್ಟರ್ ಎರಡು ಕಡೆಗೂ ವ್ಯತ್ಯಾಸ ಕಾಲು ಡಿಗ್ರಿ ಒಳಗೆ. ಯಾರೂ ತಿರುಗಿಸದೇನೇ ಕ್ಯಾಂಬರ್ ತಾನಾಗೇ ಹಸಿರಾಗಿತ್ತು. ಟೋ ಒಂದನ್ನ ಸೆಟ್ ಮಾಡಿದ್ರು. ನನ್ನ ಗಾಡೀಲಿ ಇಎಸ್‌ಪಿ (ಗಾಡಿ ಜಾರದ ಹಂಗೆ ತಾನೇ ಹಿಡಿಯೋ ವ್ಯವಸ್ಥೆ) ಇಲ್ಲ, ಇರೋ ಗಾಡಿಯಾದ್ರೆ ಸ್ಕ್ಯಾನರ್ ಹಾಕಿ ಸ್ಟೇರಿಂಗ್ ಆಂಗಲ್ ಸೆನ್ಸರನ್ನ ಸೊನ್ನೆಗೆ ತರಿಸ್ಬೇಕು, ಇಲ್ಲಾಂದ್ರೆ ಮೀಟರಲ್ಲಿ ಲೈಟು ಉರೀಬಹುದು.

ವಾಪಸ್ ಬರ್ತಾ ಎಕ್ಸ್‌ಪ್ರೆಸ್‌ವೇಲಿ 80ರಲ್ಲಿ ಬೆರಳು ಸಡಿಲ ಬಿಟ್ಟೆ, ಗಾಡಿ ತನ್ನ ಲೇನಲ್ಲೇ ಹೋಯ್ತು. ಗಣಂಗೂರು ಟೋಲ್ ಹತ್ರ ಬ್ರೇಕ್ ಒತ್ತಿದಾಗ್ಲೂ ಎಡಕ್ಕೆ ಹೋಗ್ಲಿಲ್ಲ, ಮುಂಚೆ ಬ್ರೇಕಲ್ಲಿ ಎಳೆತ ಇನ್ನೂ ಜಾಸ್ತಿ ಇರೋದು, ಹರಿದ ಬುಷ್ ಆರ್ಮನ್ನ ಹಿಂದಕ್ಕೆ ಬಿಟ್ಕೊಡ್ತಿತ್ತು ಅಂತ ಕಾಣುತ್ತೆ.

ಆರ್ಮು, ಒಂದು ಕಡೆ ಟೈ ರಾಡ್ ಸೆಟ್ಟು, ಒಂದು ಟೈರು, ಮಜೂರಿ, ಅಲೈನ್‌ಮೆಂಟು ಎಲ್ಲಾ ಸೇರಿ ಹತ್ತು ಸಾವಿರ ದಾಟ್ಲಿಲ್ಲ, ಬೋನಸ್ಸೂ ಉಳೀತು. ಕಬ್ಬಿಣದ ರಿಮ್ಮಾದ್ದರಿಂದ ಹೊಡೆದು ನೆಟ್ಟಗೆ ಮಾಡಿದ್ರು, ಅಲಾಯ್ ಆಗಿದ್ರೆ ಬಿರುಕು ಬಿಟ್ಟಿರ್ಬಹುದಿತ್ತು. ತಿರುಗಿಸಿ ನೋಡಿದ್ರೆ ಇನ್ನೂ ಸ್ವಲ್ಪ ಆಡುತ್ತೆ, ಮುಂದೆ ಹಾಕಿದ್ರೆ 80ರ ಮೇಲೆ ಸ್ಟೇರಿಂಗ್ ನಡುಗುತ್ತೆ, ಹಂಗಾಗಿ ಅದನ್ನ ಸ್ಟೆಪ್ನಿ ಮಾಡ್ಕೊಂಡಿದೀನಿ. ಗಾಡಿ ನಿಂತಿದ್ದಾಗ ಸ್ಟೇರಿಂಗ್ ಪೂರ್ತಿ ತಿರುಗಿಸಿದ್ರೆ ಎಡಗಡೆಯಿಂದ ಸಣ್ಣಗೆ ಟಕ್ ಅಂತ ಬರೋದು ಮಾತ್ರ ಇನ್ನೂ ಇದೆ. ಸ್ಟ್ರಟ್ ಮೇಲಿನ ಬೇರಿಂಗ್ ಇರ್ಬೇಕು ಅಂತ ಮೇಸ್ತ್ರಿ ಅನುಮಾನ, ಒಸಿ ದಿನ ಓಡ್ಸಿ ನೋಡ್ಮ ಅಂದವ್ರೆ, ಸದ್ದು ಜಾಸ್ತಿ ಆದ್ರೆ ಅದನ್ನೂ ಬಿಚ್ಚಿಸ್ತೀನಿ.